ಮೂವತ್ತೇಳನೇ ಹಕ್ಕಿ

ಹಳೆಯ ಚಿತ್ರದ ಕಾರ್ಡುಗಳನ್ನು ನೋಡಿ ಅಸಲಿಯೋ ನಕಲಿಯೋ ಹೇಳುವುದೂ ಒಂದು ಉದ್ಯೋಗ ಎಂದರೆ ಮತ್ತಿಕೆರೆಯ ನಮ್ಮ ನೆಂಟರು ಇವತ್ತಿಗೂ ನಗುತ್ತಾರೆ. ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿ ಹೋದ ವರ್ಷ ಬಿಟ್ಟೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಹಳದಿ ಬಣ್ಣ ನನಗೆ ಮೊದಲಿನಂತೆ ಕಾಣುತ್ತಿರಲಿಲ್ಲ. ಹಳದಿಯನ್ನು ನಂಬಲಾಗದವರು ಹಳೆಯ ಕಾಗದದ ಬಗ್ಗೆ ಮಾತಾಡಬಾರದು.

ಈಗ ಈ ಕೆಲಸಕ್ಕೆ ಓದಿದ ಮಕ್ಕಳು ಬರುತ್ತಿದ್ದಾರೆ. ಅವರಲ್ಲಿ ಇಬ್ಬರು ಮನೆಗೆ ಬಂದು, "ಆಂಟಿ, ನಿಮ್ಮ ಅನುಭವ ಸ್ವಲ್ಪ ಬರೆದುಕೊಡಿ" ಎಂದರು. ಎಂತೆಂಥ ಅಪರೂಪದ ಕಾರ್ಡು ನೋಡಿದೆ ಎಂಬ ಪಟ್ಟಿ ಅವರಿಗೆ ಬೇಕಿತ್ತೇನೋ. ಆ ಪಟ್ಟಿ ಅಂಗಡಿಯ ಪುಸ್ತಕಗಳಲ್ಲಿದೆ. ನಾನು ಬರೆಯುವುದು ನನ್ನ ತಪ್ಪುಗಳನ್ನು, ಅದರಲ್ಲೂ ಒಂದನ್ನು.

ನನ್ನ ಹೆಸರು ಮುನಿರತ್ನಮ್ಮ. ಮೊದಲು ಯಶವಂತಪುರದ ಒಂದು ಪ್ರೆಸ್ಸಿನಲ್ಲಿದ್ದೆ. ಯಂತ್ರದಿಂದ ಬಂದ ಹಾಳೆಗಳಲ್ಲಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂತಿದೆಯೇ ಎಂದು ನೋಡುವುದು ನನ್ನ ಕೆಲಸ. ಅಲ್ಲಿಗೆ ಅನ್ವರ್ ಸಾಹೇಬರು ಎಂಬುವರು ತಮ್ಮ ಅಂಗಡಿಯ ಪಟ್ಟಿ ಮುದ್ರಿಸಲು ಬರುತ್ತಿದ್ದರು. ಒಂದು ದಿನ ಅವರ ಹಾಳೆಯಲ್ಲಿ ಕೆಂಪು ಬಣ್ಣ ಕೂದಲೆಳೆಯಷ್ಟು ಜರುಗಿದ್ದನ್ನು ನಾನು ದೂರದಿಂದಲೇ ಹೇಳಿದೆ.

"ಅರೆ, ಕನ್ನಡಕ ಇಲ್ದೇನೇ ಕಂಡ್ಬಿಡ್ತಾ ನಿಮ್ಗೆ?" ಎಂದರು. ಪ್ರೆಸ್ಸು ಮುಚ್ಚಿದಾಗ ಅವರೇ ಹೇಳಿಕಳಿಸಿದರು.

ಅವರ ಅಂಗಡಿ ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ, ಟೈಲರ್ ಅಂಗಡಿಯ ಮಹಡಿಯ ಮೇಲೆ. ಸಿಗರೇಟು ಪೊಟ್ಟಣದೊಳಗೆ ಹಿಂದೆ ಬರುತ್ತಿದ್ದ ಹಕ್ಕಿ, ಹಡಗು, ಸಿನಿಮಾ ನಟಿಯರ ಚಿತ್ರದ ಕಾರ್ಡುಗಳು, ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರು, ಬೆಂಕಿಪೊಟ್ಟಣದ ಲೇಬಲ್ಲುಗಳು. ಬಿಸಾಡಲೆಂದೇ ಹುಟ್ಟಿದ ಈ ಕಾಗದಗಳಲ್ಲಿ ಉಳಿದುಕೊಂಡ ಕೆಲವನ್ನು ಹುಡುಕಿಕೊಂಡು ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಕೊಳ್ಳುವ ಮೊದಲು, ಮಾರುವ ಮೊದಲು, ಕೆಲವರು ಬರೀ ಸಮಾಧಾನಕ್ಕೆ, ಕಾರ್ಡು ಅಸಲಿ ಎಂಬ ಪತ್ರ ಬೇಕೆನ್ನುತ್ತಿದ್ದರು. ಆ ಪತ್ರ ಬರೆಯುವವಳು ನಾನು, ಸಹಿ ಮಾಡುವವರು ಸಾಹೇಬರು.

ಮೊದಲ ವರ್ಷವೇ ಒಂದು ಅನಾಹುತ ಮಾಡಿದೆ. ಒಬ್ಬ ನಟಿಯ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಯಾರೋ ಗೀಚಿದ್ದರು. ಚೊಕ್ಕಟ ಮಾಡೋಣವೆಂದು ರಬ್ಬರ್ ತೆಗೆದುಕೊಂಡು ಉಜ್ಜಿದೆ. ಗೀಚು ಹೋಯಿತು, ಕಾಗದದ ನುಣುಪೂ ಹೋಯಿತು. ಅದನ್ನು ತಂದವರು ಮರುದಿನ ಬಂದು ಕಾರ್ಡನ್ನು ತಿರುಗಿಸಿ ನೋಡಿ, ಉಜ್ಜಿದ ಜಾಗವನ್ನು ಬೆರಳಿನಿಂದ ಸವರಿದರು. ಆ ಗೀಚು ಅವರ ಅಕ್ಕ ಏಳನೇ ವಯಸ್ಸಿನಲ್ಲಿ ಬರೆದಿದ್ದ ಹೆಸರಂತೆ. ಅಕ್ಕ ಬದುಕಿರಲಿಲ್ಲ. ಸಾಹೇಬರು ನನ್ನನ್ನು ಅವರೆದುರು ಬೈಯಲಿಲ್ಲ. ಅವರು ಹೋದ ಮೇಲೆ, "ಕೊಳೆ ಯಾವ್ದು, ಗುರುತು ಯಾವ್ದು ಅಂತ ಗೊತ್ತಾಗೋವರೆಗೂ ಕೈ ಕಟ್ಕೊಂಡ್ ನೋಡಿ ರತ್ನಮ್ಮ" ಎಂದರು. ಆರು ತಿಂಗಳು ನಾನು ಕಾರ್ಡು ಮುಟ್ಟಲಿಲ್ಲ. ಅವರು ಹಿಡಿದು ತೋರಿಸುವರು, ನಾನು ನೋಡುವೆ.

ಆ ಆರು ತಿಂಗಳಲ್ಲಿ ಕಲಿತದ್ದೇ ಕೊನೆತನಕ ನಡೆಸಿತು. ಭೂತಗನ್ನಡಿ ಹಿಡಿದರೆ ಹೊಸ ಮುದ್ರಣದಲ್ಲಿ ಚುಕ್ಕಿಗಳು ಸಾಲಾಗಿ ಕಾಣುತ್ತವೆ; ಹಳೆಯ ಕಲ್ಲಚ್ಚಿನಲ್ಲಿ ಬಣ್ಣ ಮರಳಿನಂತೆ ಹರಡಿರುತ್ತದೆ. ಅಂಚನ್ನು ನೋಡಿದರೆ ಕಾಗದ ಒಂದೇ ಪದರವೋ ಎರಡೋ ತಿಳಿಯುತ್ತದೆ. ಮೂಸಿದರೂ ಗೊತ್ತಾಗುತ್ತದೆ. ಒಮ್ಮೆ ಒಬ್ಬ ಒಂದು ಕಟ್ಟು ಹಡಗಿನ ಕಾರ್ಡು ತಂದ. ಕಂದುಬಣ್ಣ ಬಂದಿತ್ತು, ಮೂಲೆಗಳು ಸವೆದಿದ್ದವು. ಮೂಗಿನ ಹತ್ತಿರ ಹಿಡಿದರೆ ಚಹಾ ವಾಸನೆ. ಹೊಸ ಕಾಗದವನ್ನು ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ್ದ. ಅಂದಿನಿಂದ ಚಹಾ ಕಲೆ ಕಂಡರೆ ಮೋಸ ಎಂದೇ ನನ್ನ ತಲೆ ಓಡುತ್ತಿತ್ತು.

ಸಾಹೇಬರದ್ದು ಒಂದು ಕಟ್ಟುಪಾಡಿತ್ತು. ನೋಡಿದ ದಿನವೇ ಪತ್ರ ಬರೆಯಬಾರದು. ಮರುದಿನ ಇನ್ನೊಮ್ಮೆ, ಏನೂ ಗೊತ್ತಿಲ್ಲದವರಂತೆ ಮೊದಲಿನಿಂದ ನೋಡಬೇಕು. ಆಮೇಲೆ ಬರೆಯಬೇಕು. ಕಾರ್ಡಿನ ಬಗ್ಗೆ ಮಾತ್ರ ಬರೆಯಬೇಕು, ಅದನ್ನು ತಂದವರ ಬಗ್ಗೆ ಒಂದಕ್ಷರವೂ ಬಾಯಲ್ಲಿ ಬರಬಾರದು. ಇಪ್ಪತ್ತು ವರ್ಷ ನಾನು ಇದನ್ನು ಮೀರಲಿಲ್ಲ.

ಆಮೇಲೆ ಅಂಗಡಿಗೆ ನೇರಳೆ ದೀಪ ಬಂತು. ನೋಟು ಪರೀಕ್ಷಿಸಲು ಬ್ಯಾಂಕಿನಲ್ಲಿ ಇಟ್ಟಿರುತ್ತಾರಲ್ಲ, ಅಂಥದ್ದು. ಈಗಿನ ಕಾಗದ ಬೆಳ್ಳಗಿರಲೆಂದು ಏನೋ ಬೆರೆಸಿರುತ್ತಾರೆ, ಅದು ಈ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಸ್ವಾತಂತ್ರ್ಯಕ್ಕೆ ಮೊದಲಿನ ಕಾಗದ ಹೊಳೆಯುವುದಿಲ್ಲ. ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷಕ್ಕೆ ಬಂತು. ಸಾಹೇಬರಿಗೆ ಅದರ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ನನಗೆ ಬಹಳ ಇತ್ತು. ಗಿರಾಕಿಗಳ ಮುಂದೆ ಪರದೆ ಎಳೆದು ದೀಪ ಹಾಕಿದಾಗ ಅವರು ಬಾಯಿಬಿಟ್ಟು ನೋಡುವುದು ನನಗೆ ಹಿಡಿಸುತ್ತಿತ್ತು. ಇದನ್ನು ಮುಚ್ಚಿಟ್ಟು ಬರೆದರೆ ಮುಂದಿನದು ಅರ್ಥವಾಗುವುದಿಲ್ಲ.

ನಂಜುಂಡಪ್ಪನವರು ಬಂದದ್ದು ಆ ದಿನಗಳಲ್ಲಿ. ಕೆಂಪಾಪುರದವರು, ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಸ್ವಾತಂತ್ರ್ಯಕ್ಕೆ ಮೊದಲಿನ ಸಿಗರೇಟು ಪೊಟ್ಟಣದ ಹಕ್ಕಿಗಳ ಸರಣಿ ಪೂರ್ತಿ ಐವತ್ತು ಕಾರ್ಡು ತಂದಿದ್ದರು. ಆ ಸರಣಿ ಪೂರ್ತಿಯಾಗಿ ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅದರಲ್ಲಿ ಮೂವತ್ತೇಳನೆಯದು, ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟಿರುವ ಚಂದ್ರಮುಕುಟ, ಯಾರಿಗೂ ಸಿಗುತ್ತಿರಲಿಲ್ಲ.

"ಮೂವತ್ತು ವರ್ಷ ಹಿಡೀತಮ್ಮ ನಮಗೆ," ಎಂದರು. "ನಾನು, ನನ್ನ ಫ್ರೆಂಡು ಸೆಲ್ವರಾಜು. ಫ್ಯಾಕ್ಟರೀಲಿ ಒಂದೇ ಶಾಪಲ್ಲಿ ಇದ್ವಿ. ಭಾನುವಾರ ಬಂತೂಂದ್ರೆ ಇಬ್ರೂ ಹಳೇ ಪೇಪರ್ ಅಂಗಡಿ ಸುತ್ತೋದು. ಈ ಮೂವತ್ತೇಳು ಮಾತ್ರ ಸಿಗ್ಲೇ ಇಲ್ಲ. ನಾನು ರಿಟೈರಾದ ದಿನ ಅವ್ನೇ ತಂದು ಕೈಗಿಟ್ಟ. ಎಲ್ಲಿ ಸಿಕ್ತೋ ಅಂದ್ರೆ ನಗ್ತಾನೆ ಅಷ್ಟೇ."

ಅವರಿಗೆ ಐವತ್ತನ್ನೂ ಒಂದು ಚೌಕಟ್ಟಿಗೆ ಹಾಕಿಸಿ ಕೆಳಗೆ ನಮ್ಮ ಪತ್ರ ಅಂಟಿಸುವ ಆಸೆ. ಪತ್ರದಲ್ಲಿ ಇಬ್ಬರ ಹೆಸರೂ ಇರಲಿ ಎಂದರು.

ಆ ದಿನ ಸಾಹೇಬರು ಡಯಾಲಿಸಿಸ್‌ಗೆ ಹೋಗಿದ್ದರು. ಆಗಲೇ ಅವರಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ನಾಳೆ ಬನ್ನಿ ಎನ್ನಬೇಕಿತ್ತು. ನಾನು ಐವತ್ತನ್ನೂ ಬೆನ್ನು ಮೇಲೆ ಮಾಡಿ ಸಾಲಾಗಿ ಜೋಡಿಸಿದೆ. ಆ ಸರಣಿಯ ಕಾರ್ಡುಗಳ ಹಿಂಬದಿ ಖಾಲಿ. ಹೆಸರು, ಸಂಖ್ಯೆ ಎಲ್ಲ ಚಿತ್ರದ ಕಡೆಗೇ. ಪರದೆ ಎಳೆದು ದೀಪ ಹಾಕಿದೆ. ನಲವತ್ತೊಂಬತ್ತು ಕಪ್ಪಗೆ ಮಲಗಿದ್ದವು. ಒಂದು ಮಾತ್ರ ತೇಪೆ ತೇಪೆಯಾಗಿ ನೀಲಿ ಹೊಳೆಯಿತು. ಕೈಗೆತ್ತಿಕೊಂಡೆ. ಕಂದು ಕಲೆ, ಚಹಾ ವಾಸನೆ. ತಿರುಗಿಸಿದರೆ ಚಂದ್ರಮುಕುಟ, ಅದರ ಜುಟ್ಟಿನ ಅಡ್ಡಕ್ಕೆ ಒಂದು ತೆಳು ಗೆರೆ. ಹರಿದ ಕಾರ್ಡಿನ ಫೋಟೋ ತೆಗೆದು ಹೊಸದಾಗಿ ಮುದ್ರಿಸಿದರೆ ಹೀಗೇ ಗೆರೆ ಬರುತ್ತದೆ. ಭೂತಗನ್ನಡಿ ಮೇಜಿನ ಮೇಲೆ, ನನ್ನ ಕೈಯಳತೆಯಲ್ಲೇ ಇತ್ತು. ನಾನು ತೆಗೆದುಕೊಳ್ಳಲಿಲ್ಲ.

"ಇದೊಂದು ಅಸಲಿ ಅಲ್ಲ ಸರ್," ಎಂದೆ.

"ಇನ್ನೊಂದ್ಸಲ ನೋಡಿ ತಾಯಿ."

"ನೋಡೋದೇನಿಲ್ಲ ಸರ್, ನೀವೇ ಕಂಡ್ರಲ್ಲ. ಹೊಸ ಕಾಗದ. ಚಹಾದಲ್ಲಿ ಅದ್ದಿ ಹಳೇದು ಮಾಡಿದಾರೆ."

"ಅದ್ದಿದಾರೆ ಅಂದ್ರೆ? ಬೇಕಂತ್ಲಾ?"

"ಇನ್ನೇನ್ ಸರ್, ಮೋಸ ಮಾಡೋರು ಹಿಂಗೇ ಮಾಡೋದು."

ಆ ಮಾತು ಬಾಯಿಂದ ಹೊರಬಿದ್ದದ್ದು ನನಗೆ ಅವತ್ತು ಗೊತ್ತೇ ಆಗಲಿಲ್ಲ. ಅವರು ಪತ್ರ ಈಗಲೇ ಬೇಕು ಎಂದರು. ಬರೆದುಕೊಟ್ಟೆ. ಸಾಹೇಬರು ಖಾಲಿ ಹಾಳೆಗೆ ಸಹಿ ಮಾಡಿ ಇಡುವವರಲ್ಲ, ಆದ್ದರಿಂದ ನನ್ನದೇ ಸಹಿ ಹಾಕಿದೆ. ಸಂಖ್ಯೆ ಮೂವತ್ತೇಳು: ನಕಲಿ. ಇಬ್ಬರ ಹೆಸರು ಹಾಕಲು ಹೋದಾಗ ನಂಜುಂಡಪ್ಪನವರು ಕೈ ಅಡ್ಡ ಮಾಡಿದರು. "ನನ್ನ ಹೆಸರೊಂದೇ ಸಾಕು," ಎಂದರು.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಣ್ಣ ಮೈಕಟ್ಟಿನ ಒಬ್ಬರು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತ ನಿಂತರು.

"ನೀವೇನಾಮ್ಮ ಹಕ್ಕಿ ಕಾರ್ಡ್ ನೋಡಿದ್ದು? ನಂಜುಂಡಪ್ಪಂದು? ನಾನು ಸೆಲ್ವರಾಜು. ಗೊರಗುಂಟೆಪಾಳ್ಯ."

ಕೂರಿಸಿದೆ, ನೀರು ಕೊಟ್ಟೆ. ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ಅದರೊಳಗೆ ಚಂದ್ರಮುಕುಟ.

"ಪೋಸ್ಟಲ್ಲಿ ಕಳಿಸ್ಬಿಟ್ಟ, ಲೆಟರೂ ಇಲ್ಲ. ನಿಮ್ಮ ಕಾಗದದ್ದು ಜೆರಾಕ್ಸ್ ಮಾತ್ರ ಇತ್ತು. ಫೋನ್ ಮಾಡಿದ್ರೆ ಎತ್ತಲ್ಲ. ಮನೆಗೆ ಹೋದ್ರೆ ಒಳಗಡೆ ಇದ್ದೂ ಇಲ್ಲ ಅನ್ಸಿದ. ನಾನ್ ಏನ್ ತಪ್ಪು ಮಾಡ್ದೆ ಅಂತ ತಿಳ್ಕೊಂಡ್ ಹೋಗಾಣಾಂತ ಬಂದೆ."

ನಾನು ಚಹಾದ ಮಾತೆತ್ತಿದೆ.

"ಅದು ನಾನೇ ಹಾಕಿದ್ದು," ಎಂದರು. ಮುಖದಲ್ಲಿ ಅಳುಕೇ ಇರಲಿಲ್ಲ. "ಸಿಕ್ಕಾಗ ಎರಡು ತುಂಡಾಗಿತ್ತಮ್ಮ. ಜುಟ್ಟು ಒಂದ್ಕಡೆ, ಮೈ ಒಂದ್ಕಡೆ. ಮೊಮ್ಮಗಳ ಡ್ರಾಯಿಂಗ್ ಬುಕ್ಕಿಂದ ಹಾಳೆ ಕಿತ್ತು ಹಿಂದೆ ಮೈದಾ ಗಂಜಿ ಹಚ್ಚಿ ಕೂರಿಸ್ದೆ. ಹಿಂದೆ ಬೆಳ್ಳಗೆ ಅಸಹ್ಯವಾಗಿ ಕಾಣ್ತಿತ್ತು. ಸ್ವಲ್ಪ ಟೀ ಒರೆಸ್ದೆ. ಹರಿದಿದ್ದು ಕೊಟ್ಟೆ ಅಂತ ಅವ್ನಿಗೆ ಬೇಜಾರಾಗ್ಬಾರ್ದು ಅಂತ ಹೇಳ್ಲಿಲ್ಲ. ಅಂಟಿಸ್ಬಾರ್ದಾಗಿತ್ತಾ?"

ಭೂತಗನ್ನಡಿ ಹಿಡಿದು ಅಂಚು ನೋಡಿದೆ. ಎರಡು ಪದರ ಸ್ಪಷ್ಟವಾಗಿ ಕಂಡವು. ಕೆಳಗಿನದು ಹೊಸದು, ಮೇಲಿನದು ಹಳೆಯದು. ಚಿತ್ರದ ಬಣ್ಣ ಮರಳಿನಂತೆ ಹರಡಿತ್ತು. ಗೆರೆಯ ಬಾಯಲ್ಲಿ ನಿಜವಾದ ಕಾಗದದ ನಾರು ಎದ್ದಿತ್ತು. ಒಂದು ನಿಮಿಷದ ಕೆಲಸ.

"ಕಾರ್ಡು ಅಸಲಿ," ಎಂದೆ. "ತಪ್ಪು ನಂದು."

ಅವರು ಸಿಟ್ಟಾಗಲಿಲ್ಲ. ಖುಷಿಯಾದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. "ಹಂಗಾದ್ರೆ ಒಂದು ಪೇಪರ್ ಕೊಡಿಮ್ಮ. ಬಾಯಲ್ಲಿ ಹೇಳಿದ್ರೆ ಅವ್ನು ಕೇಳಲ್ಲ, ಪೇಪರ್ ಇದ್ರೆ ನಂಬ್ತಾನೆ," ಎಂದರು. ಸಾಹೇಬರ ಸಹಿ ಹಾಕಿಸಿ ಸೋಮವಾರ ಕೊಡುತ್ತೇನೆಂದೆ. ಕಾರ್ಡನ್ನು ಮತ್ತೆ ಚೀಲಕ್ಕೆ ಹಾಕಿ ಜೇಬಿಗಿಟ್ಟುಕೊಂಡು ಕೆಳಗಿಳಿದರು.

ಸೋಮವಾರ ಸಾಹೇಬರು ಬಂದಿದ್ದರು. ನಾನು ಹೇಳಲಿಲ್ಲ. ಅವರು ಸುಸ್ತಾಗಿದ್ದಾರೆ, ನಾಳೆ ಹೇಳೋಣ ಅಂದುಕೊಂಡೆ. ಮರುದಿನ ಗಿರಾಕಿಗಳಿದ್ದರು. ಇಪ್ಪತ್ತು ವರ್ಷದ ಹೆಸರು ಒಂದು ಕಾರ್ಡಿಗೆ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಸೆಲ್ವರಾಜು ಎರಡು ಸಲ ಫೋನ್ ಮಾಡಿದರು. "ಸಾಹೇಬ್ರಿಗೆ ಹುಷಾರಿಲ್ಲ" ಎಂದೆ, ಎರಡು ಸಲವೂ. ಮೂರನೇ ಸಲ ಫೋನ್ ಬರಲಿಲ್ಲ. ಮೂರು ವಾರ ಕಳೆದ ಮೇಲೆ ತಡೆಯಲಾರದೆ ಸಾಹೇಬರಿಗೆ ಎಲ್ಲ ಹೇಳಿದೆ. ದೀಪ, ಚಹಾ, ಅದೇ ದಿನ ಪತ್ರ ಕೊಟ್ಟದ್ದು, ಮೋಸ ಎಂದದ್ದು.

ಹೊಸ ಪತ್ರ ನನ್ನ ಕೈಲೇ ಬರೆಸಿ ಅವರು ಸಹಿಗೆ ಪೆನ್ನು ತೆಗೆದರು. "ತಪ್ಪು ಎಲ್ರೂ ಮಾಡ್ತೀವಿ. ನಾನೂ ಮಾಡಿದೀನಿ. ಮೂರು ವಾರ ಯಾಕೆ ಇಟ್ಕೊಂಡ್ರಿ ರತ್ನಮ್ಮ? ನಮ್ಮ ಅಂಗಡಿಯಿಂದ ಹೋದ ಸುಳ್ಳು ಕಾಗದ ಅಲ್ಲಿ ಒಂದ್ ಮನೇಲಿ ಕೂತಿದೆ. ಹೋಗಿ, ಇವತ್ತೇ ಹೋಗಿ."

ಸಹಿಯಾದ ಪತ್ರ ಹಿಡಿದು ಗೊರಗುಂಟೆಪಾಳ್ಯಕ್ಕೆ ಹೋದೆ. ಮನೆ ಹುಡುಕಿ ಬಾಗಿಲಿಗೆ ಹೋದರೆ ಒಳಗೆ ಸೆಲ್ವರಾಜುವಿನ ಫೋಟೋಗೆ ಹೂವಿನ ಹಾರ. ಎಂಟು ದಿನದ ಹಿಂದೆ ಹೃದಯಾಘಾತವಾಗಿತ್ತು. ಅವರ ಹೆಂಡತಿ ಪುಷ್ಪಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಯಾರೆಂದು ಹೇಳಿ ಪತ್ರ ಚಾಚಿದೆ.

"ನಂಗೆ ಕನ್ನಡ ಓದಕ್ ಬರಲ್ಲ. ತಮಿಳ್ ಮಾತ್ರ. ನೀವೇ ಓದಿ," ಎಂದರು.

ಓದಿದೆ. ಹಕ್ಕಿಗಳ ಸರಣಿ, ಸಂಖ್ಯೆ ಮೂವತ್ತೇಳು, ಮೂಲ ಕಾರ್ಡು ಅಸಲಿ, ಹಿಂಬದಿಯ ಕಾಗದ ನಂತರ ಸೇರಿಸಿದ್ದು, ಹಿಂದಿನ ಪತ್ರ ರದ್ದು.

"ಇದ್ರಲ್ಲಿ ಅವ್ರು ಮೋಸ ಮಾಡ್ಲಿಲ್ಲ ಅಂತ ಎಲ್ಲಿದೆ?"

ಎಲ್ಲೂ ಇರಲಿಲ್ಲ. ಅವರ ಹೆಸರೇ ಪತ್ರದಲ್ಲಿ ಇರಲಿಲ್ಲ. ಅಲ್ಲೇ ಗೋಡೆಗೆ ಹಾಳೆ ಒತ್ತಿ ಹಿಡಿದು ಕೆಳಗೆ ಬರೆದೆ: ಈ ಕಾರ್ಡನ್ನು ಸೆಲ್ವರಾಜು ಅವರು ಹರಿದ ಸ್ಥಿತಿಯಲ್ಲಿ ಪಡೆದು ಜೋಡಿಸಿದರು. ಅವರು ಯಾರಿಗೂ ಮೋಸ ಮಾಡಿಲ್ಲ. ಮೋಸ ಎಂದು ನಾನು ಹೇಳಿದ್ದು ತಪ್ಪು. ಕೆಳಗೆ ನನ್ನ ಹೆಸರು. ಅದನ್ನೂ ಓದಿ ಹೇಳಿದೆ. ಪುಷ್ಪಮ್ಮ ಒಳಗೆ ಹೋಗಿ ಅದೇ ಪ್ಲಾಸ್ಟಿಕ್ ಚೀಲ ತಂದರು. "ಕೊನೇ ದಿನ ತನಕ ಜೇಬಲ್ಲಿ ಇಟ್ಕೊಂಡಿದ್ರು. ಎರಡನ್ನೂ ಅವ್ರಿಗೇ ಕೊಟ್ಬಿಡಿ," ಎಂದರು. ನಂಜುಂಡಪ್ಪನವರ ಹೆಸರನ್ನು ಅವರು ಬಾಯಲ್ಲಿ ಹೇಳಲಿಲ್ಲ.

ಕೆಂಪಾಪುರದಲ್ಲಿ ನಂಜುಂಡಪ್ಪನವರೇ ಬಾಗಿಲು ತೆಗೆದರು. ಗೆಳೆಯ ಸತ್ತದ್ದು ಅವರಿಗೆ ಗೊತ್ತಿತ್ತು, ಮಣ್ಣಿಗೆ ಹೋಗಿರಲಿಲ್ಲ. ಗೋಡೆಯ ಮೇಲೆ ಚೌಕಟ್ಟು ತೂಗುಹಾಕಿದ್ದರು. ನಾಲ್ಕನೇ ಸಾಲಿನಲ್ಲಿ ಒಂದು ಜಾಗ ಖಾಲಿ. ಕಾರ್ಡಿನ ಚೀಲವನ್ನೂ ಪತ್ರವನ್ನೂ ಅವರ ಕೈಗಿಟ್ಟೆ. ಪತ್ರವನ್ನು ಎರಡು ಸಲ ಓದಿದರು. ಕೈಬರಹದ ಸಾಲುಗಳ ಮೇಲೆ ಬೆರಳಾಡಿಸಿದರು.

"ಅವ್ನಿಗೆ ಗೊತ್ತಾಗಿತ್ತಾ? ಅಸಲಿ ಅಂತ?"

"ಗೊತ್ತಾಗಿತ್ತು ಸರ್. ನಾನೇ ಹೇಳಿದ್ದೆ. ಈ ಪತ್ರಕ್ಕೆ ಕಾಯ್ತಿದ್ರು. ನಾನು ಮೂರು ವಾರ ತಡ ಮಾಡ್ದೆ."

ಬೈಯಲಿ ಎಂದು ನಿಂತೇ ಇದ್ದೆ. ಅವರು ಕುರ್ಚಿಯ ತೋಳು ಹಿಡಿದು ಕೂತರು. "ನಾಳೆ ನನ್ ಜೊತೆ ಆ ಮನೆಗೆ ಬರ್ತೀರಾ? ಒಬ್ನೇ ಹೋಗಕ್ಕೆ ಮುಖ ಇಲ್ಲ," ಎಂದರು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಕಾರ್ಡಿನ ಚೀಲ ನಂಜುಂಡಪ್ಪನವರ ಅಂಗಿಯ ಜೇಬಿನಲ್ಲಿತ್ತು. ಪುಷ್ಪಮ್ಮ ಗೇಟಿನ ಬಳಿ ಬಟ್ಟೆ ಒಣಹಾಕುತ್ತಿದ್ದರು. ನಂಜುಂಡಪ್ಪನವರು ಚಪ್ಪಲಿ ಬಿಡಲು ಬಗ್ಗಿದರು.

"ನೀವ್ ಒಳಗ್ ಬನ್ನಿಮ್ಮ," ಎಂದು ಪುಷ್ಪಮ್ಮ ನನಗೆ ಹೇಳಿದರು. "ಅವ್ರು ಬೇಡ."

"ತಪ್ಪು ಮಾಡಿದ್ದು ನಾನು," ಎಂದೆ. "ಅವರಿಗೆ ಹಾಗೆ ಹೇಳಿದ್ದೇ ನಾನು."

"ನಿಮಗೆ ನಮ್ಮನೆಯವ್ರು ಯಾರು ಅಂತ ಗೊತ್ತಿರ್ಲಿಲ್ಲ," ಎಂದರು ಪುಷ್ಪಮ್ಮ. ದನಿ ಏರಿಸಲಿಲ್ಲ. ಕೈಯಲ್ಲಿದ್ದ ಒದ್ದೆ ಟವೆಲನ್ನು ಕೊಡವಿ ಹಗ್ಗಕ್ಕೆ ಹಾಕಿದರು. "ಇವ್ರಿಗೆ ಗೊತ್ತಿತ್ತು."

ನಂಜುಂಡಪ್ಪನವರು ಅರ್ಧ ಬಿಚ್ಚಿದ ಚಪ್ಪಲಿಯನ್ನು ಮತ್ತೆ ಹಾಕಿಕೊಂಡರು. "ಸರಿ ಕಣಮ್ಮ," ಎಂದು ಹೊರಗೆ ನಡೆದರು. ನಾನು ಒಳಗೆ ಹೋದೆ. ಹೋಗಬಾರದಿತ್ತೋ ಏನೋ, ಆದರೆ ಕರೆದಾಗ ಹೋಗದಿರಲು ಆಗಲಿಲ್ಲ. ಪುಷ್ಪಮ್ಮ ಕಾಫಿ ಕೊಟ್ಟರು, ಮೊಮ್ಮಗಳ ಶಾಲೆಯ ವಿಷಯ ಮಾತಾಡಿದರು. ಅರ್ಧ ಗಂಟೆ ಕೂತಿದ್ದೆ.

ಹೊರಗೆ ಬಂದಾಗ ನಂಜುಂಡಪ್ಪನವರು ಎದುರು ಬದಿಯ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದರು.

"ನನ್ ವಿಷಯ ಏನಾದ್ರೂ ಕೇಳಿದ್ರಾ?"

ಕೇಳಿದರು ಎನ್ನಬಹುದಿತ್ತು. ಅಷ್ಟರಿಂದಲೇ ಆ ಮನುಷ್ಯ ಒಂದು ವಾರ ನಿದ್ದೆ ಮಾಡುತ್ತಿದ್ದರು.

"ಇಲ್ಲ ಸರ್," ಎಂದೆ.

ತಲೆಯಾಡಿಸಿದರು. ತುಮಕೂರು ರಸ್ತೆಯ ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೆವು. ಹೆಬ್ಬಾಳದ ಕಡೆಯ ಬಸ್ಸು ಮೊದಲು ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕೂತರು, ನನ್ನ ಕಡೆ ತಿರುಗಲಿಲ್ಲ. ಬಸ್ಸು ಹೊರಡುವಾಗ ಅವರ ಅಂಗೈ ಅಂಗಿಯ ಜೇಬನ್ನು ಒತ್ತಿಕೊಂಡೇ ಇತ್ತು.